ಒಳಗಿನಿಂದ ನೋಡುವ ಕಿಟಕಿ

ಗಂಡ ಸುಳ್ಳು ಹೇಳಿ ಹೊರಟಿದ್ದಾರೆ ಎಂಬುದು ಅವರು ಚಪ್ಪಲಿ ಮೆಟ್ಟುವ ಮೊದಲೇ ಆಂಡಾಳಮ್ಮನಿಗೆ ಗೊತ್ತಾಗಿತ್ತು.

"ಹಳೇ ಮೇಷ್ಟ್ರುಗಳ ಮೀಟಿಂಗು. ಊಟಕ್ಕೆ ಕಾಯ್ಬೇಡ," ಎಂದು ದೊರೆಸ್ವಾಮಿ ಗೋಡೆ ನೋಡುತ್ತ ಹೇಳಿದರು. ನಾಲ್ಕು ವರ್ಷದಿಂದ ಇದೇ ಮಾತು, ಇದೇ ದಿನ, ರಾಜ್ಯೋತ್ಸವದ ಮರುದಿನ. ಆ ಮೇಷ್ಟ್ರುಗಳಲ್ಲಿ ಒಬ್ಬರೂ ಒಂದು ದಿನ ಚಾಮರಾಜಪೇಟೆಯ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದಿರಲಿಲ್ಲ.

ಎಲ್ಲಿಗೆ ಹೋಗುತ್ತಾರೆಂಬುದೂ ಆಕೆಗೆ ಗೊತ್ತಿತ್ತು. ದೊರೆಸ್ವಾಮಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಅವರ ಚಿತ್ರದ ಪುಸ್ತಕವನ್ನು ಆಕೆ ನಿನ್ನೆ ಕದ್ದು ತೆಗೆದು ನೋಡಿದ್ದಳು. ಪುಟಪುಟದಲ್ಲೂ ದಂಡು ಪ್ರದೇಶದ ದೊಡ್ಡ ಚರ್ಚು, ಬಸಿಲಿಕಾ. ಮುಗಿಲಿಗೆ ಚುಚ್ಚುವ ಗೋಪುರ, ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ. ಆರು ವರ್ಷದ ಹಿಂದೆ ಮಗಳು ಪ್ರಿಯಂವದಾ ಹೇಳದೆ ಕೇಳದೆ ಒಬ್ಬ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾಗಿದ್ದು ಅಲ್ಲೇ.

ಆವತ್ತು ಆಂಡಾಳಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು. "ಅವಳಿಗೆ ಎಳ್ಳುನೀರು ಬಿಟ್ಟಾಯ್ತು. ಇನ್ನು ಅವಳ ಹೆಸರೆತ್ತಿದ್ರೆ ನಾನು ಊಟ ಬಿಡ್ತೀನಿ."

ದೊರೆಸ್ವಾಮಿ ಎತ್ತಲಿಲ್ಲ. ಹೆಸರೆತ್ತದೆಯೇ ಮಗಳನ್ನು ನೋಡಿ ಬರುತ್ತಿದ್ದಾರೆ, ಅಷ್ಟೇ. ಇಲ್ಲದಿದ್ದರೆ ಟ್ರಂಕಿನಲ್ಲಿದ್ದ ಅವಳ ಸೀರೆ, ಅರಿಶಿನ ಬಣ್ಣದ್ದು, ಹಸಿರಂಚಿನದು, ಎಲ್ಲಿ ಹೋಯಿತು? ನಾಲ್ಕು ವರ್ಷದ ಹಿಂದೆ ಮೂರು ದಿನ ಮೈಸೂರಿಗೆಂದು ಹೋಗಿ ಬಂದವರು, ಮನೆಯೊಳಗೆ ಕಾಲಿಡದೆ ಹಿತ್ತಲ ನಲ್ಲಿಯ ಕೆಳಗೆ ಪಂಚೆ ಸಮೇತ ಕೂತು ಯಾಕೆ ಸ್ನಾನ ಮಾಡಿದರು? "ಬಸ್ಸಿನ ಧೂಳು," ಅಂದಿದ್ದರು. ಮಗಳ ಮನೆಯಲ್ಲಿ ಉಂಡ ಮೈಲಿಗೆ ತೊಳೆದುಕೊಂಡರು ಎಂದು ಆಂಡಾಳಮ್ಮ ಒಳಗೊಳಗೇ ಉರಿದಿದ್ದಳು. ಆ ವರ್ಷ ದೀಪಾವಳಿಗೆ ಅವರು ಹೊಸ ಪಂಚೆಯನ್ನೂ ಉಡಲಿಲ್ಲ.

ಉರಿದದ್ದು ಸಿಟ್ಟಿಗಲ್ಲ, ಹೊಟ್ಟೆಕಿಚ್ಚಿಗೆ. ತಾನು ಹೆತ್ತ ಮಗಳನ್ನು ಅವರೊಬ್ಬರೇ ನೋಡುತ್ತಾರಲ್ಲ ಎಂದು. ಇವತ್ತು ಕಳ್ಳತನ ಹಿಡಿಯುತ್ತೇನೆಂದು ಮುಂದಿನ ಬಸ್ಸು ಹತ್ತಿದಳು. ಕಳ್ಳತನ ಹಿಡಿಯಲು ಹೊರಟವರು ಚೀಲದಲ್ಲಿ ರವೆ ಉಂಡೆ ಕಟ್ಟಿಕೊಂಡು ಹೋಗುವುದಿಲ್ಲ. ಪ್ರಿಯಂವದಾಗೆ ದ್ರಾಕ್ಷಿ ಜಾಸ್ತಿ ಇರಬೇಕು, ಜಾಸ್ತಿಯೇ ಹಾಕಿದ್ದಳು.

ಹೊರಗಿನಿಂದ ಬಸಿಲಿಕಾದ ಕಿಟಕಿಗಳು ಮಸಿ ಹಿಡಿದ ಲಾಟೀನಿನ ಗಾಜಿನಂತೆ ಕಪ್ಪಗಿದ್ದವು. ಇದನ್ನು ನಾಲ್ಕು ವರ್ಷ ಬರೆಯುವುದಕ್ಕೇನಿದೆ ಎಂದುಕೊಂಡು ಆಂಡಾಳಮ್ಮ ಒಳಗೆ ಕಾಲಿಟ್ಟಳು. ಅಲ್ಲೇ ನಿಂತುಬಿಟ್ಟಳು. ಅವೇ ಗಾಜುಗಳು ಈಗ ನೀಲಿ, ಕೆಂಪು, ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದವು. ಆಕೆ ಕಂಡ ಗುಡಿಗಳಲ್ಲಿ ಒಳಗೆ ಹೋದಷ್ಟೂ ಕತ್ತಲು. ಇಲ್ಲಿ ಒಳಗೆ ಹೋದಷ್ಟೂ ಬೆಳಕು. ಎರಡೂ ಕಡೆಯ ಕಂಬಗಳು ಮೇಲೇರಿ ಕೈಮುಗಿದಂತೆ ಕೂಡಿಕೊಂಡಿದ್ದವು. ತುಂಬ ಜನ, ಕೈಯಲ್ಲಿ ಹೂವು, ಮೇಣದ ಬತ್ತಿ. ಫಾದರ್ ನೇರಳೆ ಬಣ್ಣದ ನಿಲುವಂಗಿ ತೊಟ್ಟಿದ್ದರು. ಏನೋ ದೊಡ್ಡ ಹಬ್ಬವಿರಬೇಕು ಎಂದುಕೊಂಡಳು.

ಬಲಗಡೆಯ ಗೂಡಿನಲ್ಲಿ ಮೇರಿಮಾತೆ ಮಗುವನ್ನೆತ್ತಿಕೊಂಡು ನಿಂತಿದ್ದಳು. ನೆರಿಗೆ ಹಿಡಿದು ಸೀರೆ ಉಡಿಸಿದ್ದರು. ಅರಿಶಿನ ಬಣ್ಣ, ಹಸಿರಂಚು, ಸೆರಗಿನಲ್ಲಿ ಆಂಡಾಳಮ್ಮನೇ ಕಟ್ಟಿದ್ದ ಕುಚ್ಚು.

"ಇದು ಹರಕೆ ಸೀರೇನಾ?" ಎಂದು ಪಕ್ಕದ ಬೆಂಚಿನ ಮುದುಕಿಯನ್ನು ಕೇಳಿದಳು.

"ಹೌದಮ್ಮ. ಮಕ್ಕಳಿಗೋಸ್ಕರ ಎಷ್ಟೋ ಜನ ತಂದ್ಕೊಡ್ತಾರೆ."

ಮಕ್ಕಳಿಗೋಸ್ಕರ. ಹಾಗಾದರೆ ಪ್ರಿಯಂವದಾ ಹರಕೆ ಹೊತ್ತಿದ್ದಾಳೆ, ತೀರಿಸಿದ್ದಾಳೆ. ಹಾಗಾದರೆ ತಾನೀಗ ಅಜ್ಜಿ. ಆರು ವರ್ಷದ ಹಟ ಆ ಬೆಂಚಿನ ಮೇಲೆ ಕರಗಿಹೋಯಿತು, ಆಂಡಾಳಮ್ಮನಿಗೆ ಅಳು ಬಂತು.

ದೊರೆಸ್ವಾಮಿ ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಮಗಳಿನ್ನೂ ಬಂದಿಲ್ಲ. ಅವರು ಎದ್ದು ಒಂದು ಚೀಟಿಯನ್ನು ಮಡಚಿ ಪೂಜಾಪೀಠದ ಬಳಿಯ ಮರದ ಪೆಟ್ಟಿಗೆಗೆ ಹಾಕಿ ಬಂದರು. ಎಲ್ಲರೂ ಹಾಕುತ್ತಿದ್ದರು. ಬಸವನಗುಡಿಯ ಹುಡುಗರು ಪರೀಕ್ಷೆಯ ನಂಬರು ಬರೆದು ಗಣಪತಿ ಹುಂಡಿಗೆ ಹಾಕುವುದನ್ನು ಆಂಡಾಳಮ್ಮ ನೋಡಿದ್ದಳು. ಮುದುಕಿಯ ಹತ್ತಿರ ಒಂದು ಚೂರು ಕಾಗದ, ಪೆನ್ಸಿಲು ಕೇಳಿ ತೆಗೆದುಕೊಂಡಳು.

"ಯಾರಿಗಮ್ಮ?"

"ಮಗಳಿಗೆ."

"ಎಷ್ಟು ವಯಸ್ಸು?"

"ಇಪ್ಪತ್ತೆಂಟು."

ಮುದುಕಿ ಆಕೆಯ ಕೈ ಅದುಮಿದಳು. "ಮಾತೆ ನೋಡ್ಕೋತಾಳೆ ಬಿಡಿ."

ಆರು ವರ್ಷದ ಮೇಲೆ ಆ ಹೆಸರು ಬರೆದಳು. 'ಪ್ರಿಯಂವದಾ, ದೊರೆಸ್ವಾಮಿ ಮಗಳು.' ನನ್ನ ಮಗಳು ಎಂದು ಬರೆಯಲು ಇನ್ನೂ ಸ್ವಲ್ಪ ಬಿಗುಮಾನ ಉಳಿದಿತ್ತು. ಗಂಡ ತಲೆ ತಗ್ಗಿಸಿದ್ದ ಹೊತ್ತು ನೋಡಿ ಚೀಟಿಯನ್ನು ಹಾಕಿ ಬಂದಳು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ತೆರೆದು ಫಾದರ್ ಒಂದೊಂದೇ ಹೆಸರು ಓದತೊಡಗಿದರು.

"ಎಲ್ಲಾ ಮಕ್ಕಳ ಹೆಸರಾ?" ಎಂದು ಆಂಡಾಳಮ್ಮ ಪಿಸುಗುಟ್ಟಿದಳು.

ಮುದುಕಿ ಅರ್ಥವಾಗದೆ ನೋಡಿದಳು. "ಮಕ್ಕಳು, ದೊಡ್ಡೋರು, ಎಲ್ಲಾ ತೀರ್ಕೊಂಡೋರದು. ಇವತ್ತು ಸತ್ತೋರ ದಿನ ಅಲ್ವಾ ತಾಯಿ?"

ಆಂಡಾಳಮ್ಮ ಧಡಕ್ಕನೆ ಎದ್ದಳು. ಬದುಕಿರುವ ಮಗಳನ್ನು ತನ್ನ ಕೈಯಾರೆ ಸತ್ತವರ ಪಟ್ಟಿಗೆ ಸೇರಿಸಿದ್ದಳು. ಬೆಂಚುಗಳ ನಡುವೆ ಓಡಿ ಗಂಡನ ಭುಜ ಹಿಡಿದಳು.

"ರೀ, ಗೊತ್ತಿಲ್ದೆ ಹಾಕ್ಬಿಟ್ಟೆ. ನನ್ನ ಚೀಟಿ ತೆಗೀರಿ ಅಂತ ಅವರಿಗೆ ಹೇಳಿ. ನನ್ನ ಮಗು ನೂರ್ಕಾಲ ಬಾಳ್ಬೇಕು."

ದೊರೆಸ್ವಾಮಿ ಆಕೆಯನ್ನೇ ನೋಡಿದರು. ಆಕೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಪ್ರಿಯಂವದಾ," ಫಾದರ್ ಓದಿದರು. "ದೊರೆಸ್ವಾಮಿ ಮಗಳು."

"ಅದೇ ನಂದು, ಅದನ್ನ ತೆಗೀರಿ," ಎಂದು ಆಂಡಾಳಮ್ಮ ಗಟ್ಟಿಯಾಗಿಯೇ ಅಂದಳು. ಸುತ್ತಲಿನವರು ತಿರುಗಿ ನೋಡಿದರು. ಫಾದರ್‌ಗೆ ಕೇಳಿಸಲಿಲ್ಲ. ಅವರು ಇನ್ನೊಂದು ಹೆಸರು ಓದಿದರು, ಮತ್ತೊಂದು ಓದಿದರು, ಆಮೇಲೆ ಒಂದು ಚೀಟಿಯ ಮಡಿಕೆ ಬಿಡಿಸಿದರು.

"ಪ್ರಿಯಂವದಾ, ಆಂಡಾಳ್ ಮಗಳು."