ನೇರಳೆ ಮರದವರೆಗೆ

ಅಪ್ಪ ಮನೆ ಬಿಟ್ಟು ಮೂರು ತಿಂಗಳಾಗಿತ್ತು. ಈ ಭಾನುವಾರ ಅಪ್ಪ, ಅಮ್ಮ ಇಬ್ಬರೂ ಜೊತೆಯಾಗಿ ಕರೆದುಕೊಂಡು ಬಂದಿದ್ದರಿಂದ ಇಂಚರಳಿಗೂ ಅವಳ ತಮ್ಮ ಪ್ರಣೀತನಿಗೂ ಹಬ್ಬವಾಗಿತ್ತು. ನಗರದಾಚೆಯ ಆ ಸಸ್ಯೋದ್ಯಾನದಲ್ಲಿ ನಾಲ್ವರೂ ಬೆಳಗಿನಿಂದ ಸುತ್ತಿದರು. ಕೊಳದ ಹತ್ತಿರ ಕೂತು ಚಿತ್ರಾನ್ನ ತಿಂದರು. ಒಮ್ಮೆಯೂ ಜಗಳವಾಗಲಿಲ್ಲ.

ಹೊರಡುವ ಮುಂಚೆ ಅಪ್ಪ ದೂರದ ನೇರಳೆ ಮರ ತೋರಿಸಿದ. "ಓಡಿ, ಯಾರು ಮೊದಲು ಮುಟ್ತೀರೋ ನೋಡೋಣ."

"ಗೆದ್ದವರಿಗೆ ಏನ್ ಕೊಡ್ತೀಯಪ್ಪಾ?" ಎಂದು ಪ್ರಣೀತ್ ಕೇಳಿದ.

"ಆಮೇಲೆ ಹೇಳ್ತೀನಿ."

ಇಂಚರ ಸಲೀಸಾಗಿ ಮುಂದಿದ್ದಳು. ಹಿಂದಿನಿಂದ ತಮ್ಮನ ಏದುಸಿರು ಕೇಳಿಸಿತು. ಬಹುಮಾನ ಅವನಿಗೇ ಸಿಗಲಿ ಎಂದು, ಮರ ಇನ್ನೇನು ಕೈಗೆಟುಕುವಾಗ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದಳು. ಅವನು ಮರ ಮುಟ್ಟಿ ಕುಣಿದ. ಅವಳೂ ಚಪ್ಪಾಳೆ ತಟ್ಟಿದಳು.

ಅಪ್ಪ ಬಂದು ಪ್ರಣೀತನನ್ನು ಎತ್ತಿಕೊಂಡ. ಅಮ್ಮ ಇಂಚರಳ ಕೈ ಹಿಡಿದುಕೊಂಡಳು.

"ಅಪ್ಪಾ, ಬಹುಮಾನ?"

ಅಪ್ಪ ಅಮ್ಮನ ಕಡೆ ನೋಡಿದ. "ಮಾತಾಡಿಕೊಂಡ ಹಾಗೆ ಗೆದ್ದವನು ನನಗೆ, ಸೋತವಳು ನಿನಗೆ. ನಾಳೆ ಕೋರ್ಟಲ್ಲಿ ತಕರಾರು ತೆಗೀಬೇಡ."

"ತೆಗಿಯಲ್ಲ" ಎಂದು ಅಮ್ಮ ಮಗಳ ಕಡೆ ತಿರುಗಿದಳು. "ತಮ್ಮನಿಗೆ ಟಾಟಾ ಮಾಡು ಪುಟ್ಟಿ, ನಾವು ಹೊರಡೋಣ."