ಬಾಗಿಲಿಗೊಂದು ಬಜರ್

ಬಾಗಿಲು ತೆರೆದ ಕೂಡಲೇ ಬಜರ್ ಕಿರುಚಬೇಕಿತ್ತು. ಅದು ಸೊಳ್ಳೆಯ ಹಾಗೆ ಗುಂಯ್ ಎಂದಿತಷ್ಟೆ. ನಿವೃತ್ತ ಗುಮಾಸ್ತರು ಬಾಗಿಲು ಹಾಕಿ ಮತ್ತೆ ತೆರೆದರು. ಮತ್ತೆ ಅದೇ ಗುಂಯ್. ಮೇಜಿನ ಮೇಲೆ ಕಿಟ್ಟಿನ ಖಾಲಿ ಡಬ್ಬಿ, ಬೆಸುಗೆ ಕಡ್ಡಿ, ನಾಲ್ಕು ಮಡಿಕೆಯ ಸೂಚನಾ ಹಾಳೆ. ಹಾಳೆಯಲ್ಲಿದ್ದಂತೆ ಎಲ್ಲವನ್ನೂ ಮಾಡಿದ್ದೇನೆ ಎಂದು ಅವರು ಗೋಡೆಗೆ ಹೇಳಿದರು.

ಎಲೆಕ್ಟ್ರಾನಿಕ್ ಕಿಟ್ ಜೋಡಿಸುವ ಹುಚ್ಚು ಅವರಿಗೆ ಹಳೆಯದು. ಮಿನುಗುವ ದೀಪ, ಹಕ್ಕಿಯಂತೆ ಕೂಗುವ ಕರೆಗಂಟೆ, ಏನೇನೋ ಮಾಡಿದ್ದರು. ಅವು ಕೆಟ್ಟರೂ ಯಾರಿಗೂ ನಷ್ಟವಿರಲಿಲ್ಲ. ಇದು ಹಾಗಲ್ಲ. ನಿನ್ನೆ ಅವರು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಹೆಂಡತಿ ಬರಿಗಾಲಲ್ಲಿ ಹೊರಟುಹೋಗಿದ್ದಳು. ಸಿಕ್ಕಿದ್ದು ದೊಡ್ಡ ರಸ್ತೆಯ ನಟ್ಟನಡುವೆ. ಹನ್ನೊಂದು ವರ್ಷದ ಹಿಂದೆ ಮುಚ್ಚಿದ ರೇಡಿಯೋ ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದಳು. ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಂದು ಸಲ ಹೀಗಾದ್ರೆ ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸೋದೇ ಸರಿ ಅಪ್ಪಾ. ನಿಮ್ಮ ಕೈಲಿ ಆಗಲ್ಲ."

ಹೆಂಡತಿ ಮೇಜಿನಾಚೆ ಕುರ್ಚಿಯಲ್ಲಿ ಕೂತಿದ್ದಳು. ಬೆಳಿಗ್ಗೆಯಿಂದ ಎರಡು ಸಲ "ನಮ್ಮ ಮನೆಯವರು ಎಷ್ಟೊತ್ತಿಗೆ ಬರ್ತಾರೆ?" ಎಂದು ಗಂಡನನ್ನೇ ಕೇಳಿ ಆಗಿತ್ತು. ಗಂಡ ಬಾಗಿಲಿನಿಂದ ಬಿಚ್ಚಿ ತಂದಿಟ್ಟ ಬಜರಿನ ಬೋರ್ಡನ್ನು ಈಗ ಕೈ ಚಾಚಿ ಎಳೆದುಕೊಂಡಳು, ಮಗುಚಿ ನೋಡಿದಳು.

"ರೀ, ಇದೇನು ಬೆಸುಗೇನೋ ಪಾರಿವಾಳದ ಹಿಕ್ಕೇನೋ?"

ಗುಮಾಸ್ತರು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದವಳು ಅವಳು. ಅವರು ಜೋಡಿಸಿದ ಪ್ರತಿಯೊಂದಕ್ಕೂ ಇದೇ ಮಾತು ಆಡುತ್ತಿದ್ದಳು. ಅದನ್ನು ಕೇಳಿ ವರ್ಷವಾಗಿತ್ತು.

"ಟ್ರಾನ್ಸಿಸ್ಟರ್ ಹಿಂದುಮುಂದಾಗಿದೆ. ಚಪ್ಪಟೆ ಮುಖ ಈ ಕಡೆ ಬರ್ಬೇಕು. ಕಡ್ಡಿ ಕೊಡಿ ಇಲ್ಲಿ."

ಕೊಡಲೋ ಬೇಡವೋ ಎಂದು ಒಂದು ಕ್ಷಣ ಅಳುಕಿದರು. ಕೊಟ್ಟರು. ಅವಳು ಒಂದೊಂದೇ ಕಾಲು ಕಾಯಿಸಿ ಟ್ರಾನ್ಸಿಸ್ಟರನ್ನು ಹೊರತೆಗೆದಳು, ತಿರುಗಿಸಿ ಕೂರಿಸಿದಳು, ಮೂರು ಕಡೆ ಸೀಸ ಮುಟ್ಟಿಸಿದಳು. ಬೆಳಿಗ್ಗೆ ಲೋಟ ಹಿಡಿಯಲಾರದ ಬೆರಳು ಒಂದಿಷ್ಟೂ ನಡುಗಲಿಲ್ಲ. ಗುಮಾಸ್ತರಿಗೆ ಅಳು ಬಂತು. ಮೂಗು ಒರೆಸಿಕೊಂಡು ಹೊಗೆಯ ಮೇಲೆ ತಪ್ಪು ಹೊರಿಸಿದರು.

"ಇದು ಯಾತಕ್ಕೆ?"

"ಕಳ್ಳರು ಬಂದ್ರೆ ಗೊತ್ತಾಗ್ಲಿ ಅಂತ."

"ಓಹೋ," ಎಂದಳು ಅವಳು. "ನಮ್ಮನೇಲಿ ಕದಿಯೋಕೆ ನಿಮ್ಮ ಈ ಕಿಟ್ ಬಿಟ್ರೆ ಇನ್ನೇನಿದೆ?"

ಬಜರನ್ನು ಬಾಗಿಲಿಗೆ ಸಿಕ್ಕಿಸಿ ತೆರೆದರು. ಕಿವಿ ಕಿತ್ತುಹೋಗುವಷ್ಟು ಸದ್ದಾಯಿತು. ಎದುರುಮನೆಯಾಕೆ ಕಿಟಕಿಯಿಂದ ಇಣುಕಿ, ಇವರದು ಇದ್ದದ್ದೇ ಎಂಬಂತೆ ಒಳಗೆ ಹೋದಳು. ಸ್ನಾನದ ಮನೆಯವರೆಗೇನು, ಬೀದಿಯ ತುದಿಯವರೆಗೂ ಕೇಳಿಸುವಂತಿತ್ತು. ಗುಮಾಸ್ತರು ಗೆದ್ದವರಂತೆ ನಕ್ಕರು. ಇನ್ನು ಉಳಿದದ್ದು ಅದನ್ನು ಆರಿಸುವ ಸ್ವಿಚ್ಚು ಮಾತ್ರ. ಚಿಲಕದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕತೊಡಗಿದರು.

"ಅಲ್ಲಿ ಬೇಡ," ಹೆಂಡತಿ ಕೂತಲ್ಲಿಂದಲೇ ಹೇಳಿದಳು. "ಹೊರಗೆ ಹೋಗೋರು ಮೊದಲು ಅದನ್ನೇ ಆರಿಸ್ತಾರೆ."

ಪೆನ್ಸಿಲ್ ಅಲ್ಲೇ ನಿಂತಿತು. ತಿರುಗಿ ನೋಡಲು ಅವರಿಗೆ ಧೈರ್ಯವಾಗಲಿಲ್ಲ.

"ಮತ್ತೆ ಎಲ್ಲಿ ಹಾಕ್ಲಿ?"

ಅವಳು ಬೆಸುಗೆ ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಸ್ಟ್ಯಾಂಡಿನಲ್ಲಿಟ್ಟು, ಪ್ಲಗ್ ಕಿತ್ತಳು.

"ನನ್ನ ಕಣ್ಣಿಗೆ ಬೀಳದ ಕಡೆ ಹಾಕಿ. ಎಲ್ಲಿದೆ ಅಂತ ನಾನು ಬೇಡ್ಕೊಂಡ್ರೂ ಹೇಳ್ಬೇಡಿ."