ಹೊಸಿಲಲ್ಲಿ ಆಡಬಾರದ ಮಾತು

“ಹೋಗ್ತೀನಮ್ಮ,” ಅಂದ ಸಂಪತ್.

ಹನುಮಕ್ಕನ ಕೈಯಲ್ಲಿದ್ದ ಮೊರ ಜಾರಿತು. ಬಿಡಿಸಿಟ್ಟ ಸೊಪ್ಪು ನೆಲದ ತುಂಬ ಚೆಲ್ಲಿತು.

“ಬರ್ತೀನಿ ಅನ್ನೋ! ಬಾಯ್ತಪ್ಪಿ ಅಂದ್ಯೇನೋ?”

ಮಗ ತಿರುಗಿ ನೋಡಲಿಲ್ಲ. “ಹೋಗ್ತೀನಿ,” ಎಂದು ಇನ್ನೊಮ್ಮೆ ಬಿಡಿಸಿ ಹೇಳಿ, ಗೇಟು ತೆರೆದು ಹೊರಟೇಬಿಟ್ಟ.

ಹೊರಡುವವರು ‘ಬರ್ತೀನಿ’ ಅನ್ನುವುದು ಎಲ್ಲ ಕಡೆಯ ವಾಡಿಕೆ. ಮೂಡಲಪಾಳ್ಯದ ಆ ಹೆಂಚಿನ ಮನೆಯಲ್ಲಿ ಮಾತ್ರ ಅದು ಕಟ್ಟಳೆಯೇ ಆಗಿತ್ತು. ಹನುಮಕ್ಕನ ಗಂಡ ಕರಿಬಸಪ್ಪ ಒಂದು ಬೆಳಗ್ಗೆ ಇದೇ ಹೊಸಿಲಲ್ಲಿ ನಿಂತು ‘ಹೋಗ್ತೀನಿ’ ಅಂದಿದ್ದ. ಮಾರನೆಯ ದಿನ ಮಲ್ಲತ್ತಹಳ್ಳಿ ಕೆರೆಯಲ್ಲಿ ಹೆಣ ತೇಲಿತ್ತು. ಅಂದಿನಿಂದ ಹಾಲಿನ ಪ್ಯಾಕೆಟ್ ತರಲು ಹೋಗುವವರೂ ಆ ಮನೆಯಿಂದ ‘ಬರ್ತೀನಿ’ ಅಂದೇ ಇಳಿಯುತ್ತಿದ್ದರು. ಬೀದಿಗೆಲ್ಲ ಗೊತ್ತಿದ್ದ ಸಂಗತಿ.

ಹನುಮಕ್ಕನಿಗೆ ಹಿಂದಿನ ದಿನದ ಜಗಳ ನೆನಪಾಯಿತು. ಹಳೇ ಮನೆ ಕೆಡವಿ ಮಹಡಿ ಕಟ್ಟಿಸೋಣವೆಂದು ಸಂಪತ್ ಮತ್ತೆ ಕಾಲು ಹಿಡಿದು ಕೇಳಿದ್ದ. “ನಾನಿಲ್ಲಿ ಕೂತಿರೋ ತನಕ ಒಂದು ಹೆಂಚೂ ಅಲ್ಲಾಡಲ್ಲ,” ಅಂದಿದ್ದಳು ಇವಳು. ಆ ಹಟಕ್ಕೇ ಈಚೆಗೆ ಮನೆ ಬಿಟ್ಟು ಕದಲದೆ, ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟಿದ್ದಳು. ಮಗ ಎದ್ದುಹೋಗಿದ್ದ. ಉಣ್ಣದೇ ಮಲಗಿದ್ದ.

ಒಳಗೆ ಹೋಗಿ ನೋಡಿದಳು. ಟೀವಿ ಪಕ್ಕ ಮೊಬೈಲು, ಬೈಕಿನ ಕೀ. ಎರಡನ್ನೂ ಬಿಟ್ಟು ಹೋಗಿದ್ದಾನೆ. ಕೇಳೋಣವೆಂದರೆ ಸೊಸೆ ಕೀರ್ತನಾ ಮಿಕ್ಸಿ, ಕುಕ್ಕರು ಸಮೇತ ತವರಿಗೆ ಹೋಗಿದ್ದಳು.

ಹನುಮಕ್ಕ ಬರಿಗಾಲಲ್ಲೇ ಬೀದಿಗೆ ಓಡಿದಳು. ಗೇಟಿನೆದುರೇ ಸಂಪತ್‌ನ ಗೆಳೆಯ ಭೈರೇಶ್ ಆಟೋ ನಿಲ್ಲಿಸಿಕೊಂಡು ಕೂತಿದ್ದ.

“ಕೆರೆ ಹತ್ರಾನಾ ಅಮ್ಮ? ಹತ್ತಿ.”

ತಾನು ಬಾಯಿ ಬಿಡುವ ಮೊದಲೇ ಅವನು ಕೆರೆ ಅಂದದ್ದು ಕೇಳಿ ಅವಳು ದಡದಡನೆ ಹತ್ತಿ ಕೂತಳು. ಇವನಿಗೂ ಗೊತ್ತು. ಹಾಗಾದರೆ ನಿಜ.

ಕೆರೆ ಏರಿಯ ಮೇಲೆ ಓಡಾಡುತ್ತ ಮಗನ ಹೆಸರು ಕೂಗಿದಳು. ಜೊಂಡಿನ ನಡುವೆ ಕಪ್ಪಗೆ ಏನೋ ತೇಲುತ್ತಿತ್ತು. ಹತ್ತಿರ ಹೋದಳು. ಹರಿದ ಟೈರು.

“ಇನ್ನೊಂದ್ ಸುತ್ತು ನೋಡೋಣ ಅಮ್ಮ,” ಅನ್ನುತ್ತಲೇ ಇದ್ದ ಭೈರೇಶ್. ಮಾತು ಇವಳ ಜೊತೆ, ಕಣ್ಣು ಮೊಬೈಲಿನ ಮೇಲೆ.

ಕೊನೆಗೆ ಹನುಮಕ್ಕ ಕುಸಿದು ಕೂತು ಏರಿಯ ಕಲ್ಲಿಗೆ ಹಣೆ ಹಚ್ಚಿದಳು. “ಮನೆ ಹೋದ್ರೆ ಹೋಗ್ಲಿ ತಾಯಿ. ಅವನು ಕೇಳ್ದಂಗೇ ಆಗ್ಲಿ. ನನ್ನ ಮಗನ್ನ ಕೊಡು.”

ಹಾಗಂದದ್ದೇ ಜೀವಕ್ಕೆ ಎಲ್ಲಿಂದಲೋ ಆಸೆ ಬಂತು. ಹಸಿದು ಮನೆಗೇ ಬಂದಿದ್ದರೆ? “ತಡೀರಮ್ಮ, ಈಗ್ಲೇ ಬೇಡ!” ಎಂದು ಭೈರೇಶ್ ಹಿಂದಿನಿಂದ ಕೂಗುತ್ತಿದ್ದರೂ ಕೇಳದೆ, ದಾರಿಯಲ್ಲಿ ಬಂದ ಬೇರೊಂದು ಆಟೋಗೆ ಕೈ ಅಡ್ಡಹಿಡಿದು ಹತ್ತಿದಳು.

ಬೀದಿಯ ತಿರುವಿನಲ್ಲೇ ಆಟೋ ನಿಂತಿತು. ಮುಂದೆ ದಾರಿ ಕಾಣದಷ್ಟು ಧೂಳು. ಆ ಧೂಳಿನೊಳಗಿಂದ ಸಂಪತ್‌ನ ದನಿ ಕೇಳಿಸಿತು. ಬದುಕಿದ್ದಾನೆ! ಹನುಮಕ್ಕ ಅಳುತ್ತ, ನಗುತ್ತ, ಎರಡೂ ಕೈ ಚಾಚಿ ಓಡಿದಳು.

“ಒಂದೇ ಗೋಡೆ ಉಳ್ದಿರೋದು, ಜೆಸಿಬಿ ಹಿಂದಕ್ಕೆ ತಗೊಂಡ್ ಗುದ್ದು ಗುರು! ಅಮ್ಮ ಕೆರೆಯಿಂದ ಬರೋದ್ರೊಳಗೆ ಎಲ್ಲಾ ನೆಲಸಮ ಆಗ್ಬೇಕು.”